ಆತು ಅಂದರೆ ಅಳಿಸು

ಎಂಬತ್ತರ ದಶಕದ ಕೊನೆಕೊನೆಗೆ ಸಾಗರದ ಪೇಟೆಯಲ್ಲಿ, ಬಾಡಿಗೆ ಮನೆಯೊಂದರ ಮುಂದಿನ ಕೋಣೆಯಲ್ಲಿ, ನಾನೊಂದು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆ. ಜಾತಕ ಬರೆದುಕೊಡುವುದು, ಗಂಡು ಹೆಣ್ಣಿನ ಜಾತಕ ಕೂಡಿಸಿ ನೋಡುವುದು, ಮದುವೆಯ ವಯಸ್ಸಿಗೆ ಬಂದವರ ವಿವರ ಇಟ್ಟುಕೊಂಡು ಆಚೆಯವರಿಗೆ ಈಚೆಯವರ ಸುದ್ದಿ ಮುಟ್ಟಿಸುವುದು ನನ್ನ ಕಸುಬು. ನನಗೆ ಜ್ಯೋತಿಷ್ಯ ಸರಿಯಾಗಿ ಬರುತ್ತಿರಲಿಲ್ಲ. ಕಂಪ್ಯೂಟರೂ ಅಷ್ಟಕ್ಕಷ್ಟೇ. ಅರ್ಧ ಗೊತ್ತಿರುವ ಎರಡು ವಿದ್ಯೆ ಸೇರಿದರೆ ಒಂದು ಪೂರ್ತಿ ವಿದ್ಯೆ ಆಗುತ್ತದೆ ಎಂದು ನಂಬಿದ್ದೆ. ಇನ್ನೂ ಮೂವತ್ತಾಗಿರಲಿಲ್ಲ, ಆ ವಯಸ್ಸಿನಲ್ಲಿ ಇಂಥದ್ದನ್ನೆಲ್ಲ ನಂಬಬಹುದು.

ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ ಮೂಡಿಸುವ ಯಂತ್ರ ಅದು. ಹೊಟ್ಟೆಯಲ್ಲಿ ಏನನ್ನೂ ಉಳಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಎಲ್ಲವನ್ನೂ ತೆಳ್ಳಗಿನ ಫ್ಲಾಪಿಗಳಲ್ಲಿ ತುಂಬಿಡಬೇಕು. ಕನ್ನಡ ಅಕ್ಷರ ಗೊತ್ತಿರಲಿಲ್ಲವಾದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಬೇಕು. ಜೋಗದ ಕರೆಂಟು ನಮ್ಮ ತಲೆಯ ಮೇಲೆಯೇ ಹಾದು ದೂರದ ಊರುಗಳಿಗೆ ಹೋಗುತ್ತಿತ್ತು; ನಮಗೆ ಮಾತ್ರ ನೆನಪಾದಾಗ ಬರುತ್ತಿತ್ತು. ಹಚ್ಚಿದಾಗಲೆಲ್ಲ ಯಂತ್ರ ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ನನಗೋ ಸೋಮಾರಿತನ. ಉತ್ತರ ಕೊಡದೆ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ. ಉತ್ತರ ಕೊಡದವರಿಗೆಲ್ಲ ಅದು ೧೯೮೦ನೇ ಇಸವಿ ಜನವರಿ ಒಂದು ಎಂದು ತಾನೇ ಬರೆದುಕೊಳ್ಳುತ್ತಿತ್ತು. ಹುಟ್ಟಿದ ಹೊತ್ತು ಸ್ವಲ್ಪ ಹೆಚ್ಚುಕಡಿಮೆ ಆದರೂ ಲಗ್ನವೇ ಬದಲಾದೀತು ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ ನನ್ನ ಫೈಲುಗಳೆಲ್ಲ ಹೀಗೆ ಒಂದೇ ದಿನ ಹುಟ್ಟಿದವು.

ನನ್ನ ಸೋದರಮಾವ ಹೊಸನಗರದಲ್ಲಿದ್ದರು. ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹೊಸನಗರ, ತೀರ್ಥಹಳ್ಳಿ ಎರಡೂ ಸೀಮೆಯಲ್ಲಿ ಯಾವ ಮನೆಯಲ್ಲಿ ಮದುವೆಗೆ ಬಂದ ಕೂಸಿದೆ, ಯಾವ ಮನೆಯ ಮಾಣಿಗೆ ಹೆಣ್ಣು ನೋಡುತ್ತಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ನಮ್ಮ ಮನೆಮಾತಿನಲ್ಲಿ ಹುಡುಗಿ ಎಷ್ಟು ದೊಡ್ಡವಳಾದರೂ ಕೂಸು, ಹುಡುಗ ಮೀಸೆ ಬಂದರೂ ಮಾಣಿ. ಮಾವ ಉಪನಯನ, ಗೃಹಪ್ರವೇಶ, ಹನ್ನೆರಡನೇ ದಿನದ ಊಟ, ಯಾವುದನ್ನೂ ಬಿಡದೆ ಹೋಗಿ ಈ ಸುದ್ದಿ ತರುತ್ತಿದ್ದರು. ಆ ಹೊತ್ತಿಗೆ ಮುಂಬಯಿಯಲ್ಲಿದ್ದ ನೆಂಟರೊಬ್ಬರು ನನಗೆ ಒಂದು ಎಲೆಕ್ಟ್ರಾನಿಕ್ ಡೈರಿ ತಂದುಕೊಟ್ಟರು. ಅಂಗೈಯಗಲದ ಫಾರಿನ್ ಮಾಲು. ಕ್ಯಾಲ್ಕುಲೇಟರಿನ ಅಣ್ಣನ ಹಾಗಿತ್ತು. ಕೆಲವು ಡಜನ್ ಹೆಸರು, ಹೆಸರಿನ ಎದುರು ಚೂರುಪಾರು ವಿವರ ಹಿಡಿಯುತ್ತಿತ್ತು. ಅದನ್ನು ಮಾವನ ಕೈಗೆ ಕೊಟ್ಟೆ. ಮಾವ ಅದನ್ನು ಸಾಲಿಗ್ರಾಮದ ಹಾಗೆ ಪಾಣಿಪಂಚೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ತಿರುಗತೊಡಗಿದರು.

ಇನ್ನೇನು, ವಿಜ್ಞಾನ ಮಲೆನಾಡಿಗೆ ಬಂದೇಬಿಟ್ಟಿತು ಎಂದುಕೊಂಡೆ. ಬಂದದ್ದು ತಾಪತ್ರಯ. ಒಂದೇ ಸುದ್ದಿ ಎರಡು ಕಡೆ ಇದ್ದರೆ ಎರಡೂ ಒಂದೇ ಹೇಳುತ್ತಿರಬೇಕಲ್ಲ? ಮಾವನ ಡೈರಿಯಲ್ಲಿ ಬಂದ ಹೊಸ ಕೂಸು ನನ್ನ ಕಂಪ್ಯೂಟರಿಗೂ ಬರಬೇಕು. ನನ್ನಲ್ಲಿ ಬಂದ ಹೊಸ ಮಾಣಿ ಮಾವನ ಡೈರಿಗೂ ಹೋಗಬೇಕು. ಡೈರಿಯಿಂದ ಕಂಪ್ಯೂಟರಿಗೆ ಎಳೆಯಲು ಒಂದು ತಂತಿಯೂ ಇರಲಿಲ್ಲ. ಇದ್ದ ತಂತಿ ಮಾವನ ಗಂಟಲು ಒಂದೇ.

ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಕಾಫಿ ಕುಡಿದು, ಮಾವ ಡೈರಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಗುತ್ತಿದ್ದರು. ನಾನು ಕುಟ್ಟುತ್ತಿದ್ದೆ. ಇದಕ್ಕೆ ನಾನಿಟ್ಟ ಹೆಸರು ತಾಳೆ. ಮಾವನಿಗೆ ಅದು ಉಕ್ತಲೇಖನ. ಒಂದು ಹೆಸರು ಮುಗಿದ ಕೂಡಲೇ “ಬರ್ದ್ಯಾ?” ಎಂದು ಗದರುತ್ತಿದ್ದರು; ನಾನು ನಾಲ್ಕನೇ ಕ್ಲಾಸಿನವನ ಹಾಗೆ “ಹೂಂ” ಎನ್ನುತ್ತಿದ್ದೆ. ಅವರು ‘ಬಿ’ ಅಂದರೆ ನನಗೆ ‘ಪಿ’ ಕೇಳುತ್ತಿತ್ತು. ಹೀಗೆ ಬಿ.ಕಾಂ. ಓದಿದ ಮಾಣಿಯೊಬ್ಬ ನಮ್ಮಲ್ಲಿ ಪಿ.ಕಾಂ. ಆದ. ಹೆಣ್ಣಿನವರು ಇದು ಹೊಸದಾಗಿ ಬಂದ ದೊಡ್ಡ ಓದೇ ಇರಬೇಕೆಂದು ಬಹಳ ಗೌರವದಿಂದ ವಿಚಾರಿಸಿದರು.

ಅಡಿಗೆಮನೆಯಲ್ಲಿದ್ದ ಅಮ್ಮನಿಗೂ ಈ ಕೂಗು ಕೇಳುತ್ತಿತ್ತು. ಒಂದು ದಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಆ ಕೂಸಿಂದು ಬಾಣಂತನವೂ ಮುಗ್ದು ಹೋತು. ಇನ್ನೂ ಗಂಡು ಹುಡುಕ್ತ್ರಾ ನಿಂಗ?”

ಮದುವೆ ಆಗಿಹೋದವರನ್ನು ತೆಗೆಯುವುದಕ್ಕೆ ನಾನು ಏರ್ಪಾಡನ್ನೇ ಮಾಡಿರಲಿಲ್ಲ. ಸೇರಿಸುವ ಹುರುಪಿನಲ್ಲಿ ಕಳೆಯುವುದು ಮರೆತಿತ್ತು. ಮಾವನ ಎದುರಿಗೆ ನನಗೆ ನಾಚಿಕೆ ಆಯಿತು, ಆದರೆ ಬುದ್ಧಿ ಬರಲಿಲ್ಲ. ತಾಳೆಗೆ ಕೊನೆಗೊಂದು ಶಾಸ್ತ್ರ ಮಾಡಿಯೇಬಿಡುತ್ತೇನೆಂದು ಕೂತೆ. ಪ್ರತಿ ಹೆಸರಿನ ಎದುರು ಮೂರರಲ್ಲಿ ಒಂದು ಶಬ್ದ ಹಾಕತಕ್ಕದ್ದು. ಗಂಡು ಅಥವಾ ಹೆಣ್ಣು ಹುಡುಕುತ್ತಿದ್ದರೆ NODI. ಕೇಳಿದ ಸಂಬಂಧ ಒಪ್ಪದಿದ್ದರೆ BEDA. ಮದುವೆ ನಿಶ್ಚಯವಾಗಿ ಮುಗಿದಿದ್ದರೆ ATU, ಅಂದರೆ ಆಯಿತು. ಆತು ಎಂದಿರುವ ಹೆಸರನ್ನು ಎರಡೂ ಕಡೆಯಿಂದ ಅಳಿಸತಕ್ಕದ್ದು. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಉಳಿದರೆ ಅದಕ್ಕಿಂತ ದೊಡ್ಡ ಅಪರಾಧ ಇಲ್ಲ.

ಮಾವನಿಗೆ ಇದನ್ನು ಓದಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

“ಯಂಗೆ, ಹೆಡ್‌ಮಾಸ್ತರಿಗೆ, ಕನ್ನಡ ಕಲಿಸ್ತ್ಯಾ ಮಾಣಿ?” ಅಂದರು.

“ಹಂಗಲ್ಲ ಮಾವ. ಡೈರಿಲಿ ಜಾಗ ಇಲ್ಲೆ. ಪುರಾಣ ಬರೆಯಡಿ. ಒಂದೇ ಶಬ್ದ ಸಾಕು.”

“ಆತು” ಅಂದರು ಮಾವ.

ನಮ್ಮ ಕಡೆಯ ‘ಆತು’ ಎಂಥ ಶಬ್ದ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಊಟ ಮುಗಿದರೂ ಆತು. ಬಡಿಸುವುದು ಸಾಕು ಎನ್ನಲೂ ಆತು. ಹೊರಟು ನಿಂತವರು ‘ಆತು ಹಂಗಾರೆ’ ಎನ್ನುತ್ತಾರೆ. ಹೇಳಿದ ಮಾತಿಗೆ ಒಪ್ಪಿಗೆ ಎನ್ನುವುದಕ್ಕೂ ಆತು. ಹುಟ್ಟಿದಾಗಿನಿಂದ ದಿನಕ್ಕೆ ನೂರು ಸಲ ಆಡಿದ ಮಾತಿಗೆ ಒಂದೇ ಅರ್ಥ ಎಂದು ಅಪ್ಪಣೆ ಕೊಡಿಸಿ ನೆಮ್ಮದಿಯಾಗಿ ಮಲಗಿದವನು ನಾನು. ಮಾವ ನನ್ನ ಎದುರಿನಲ್ಲೇ ಇನ್ನೊಂದು ಅರ್ಥದಲ್ಲಿ ಅದನ್ನು ಆಡಿದ್ದೂ ನನ್ನ ಗಮನಕ್ಕೆ ಬರಲಿಲ್ಲ.

ಕೆಲವು ತಿಂಗಳು ಈ ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಮಾವ ಬರುವ ಅಗತ್ಯವೇ ಇಲ್ಲವಾಯಿತು. ಹೊಸನಗರದಲ್ಲಿ ಡೈರಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಗರದಲ್ಲಿ ನಾನು ಇಳಿಸಿಕೊಳ್ಳುವುದು. ನೋಡಿ ಕುಟ್ಟಿಕೊಂಡು, ಅಳಿಸುವುದನ್ನು ಅಳಿಸಿ, ಮರುದಿನದ ಬಸ್ಸಿಗೆ ವಾಪಸು ಹತ್ತಿಸುವುದು. ಮೊದಲ ಸಲ ಕಂಡಕ್ಟರಿಗೆ ಭಾರಿ ನಿರಾಸೆ ಆಗಿತ್ತು.

“ಡೈರಿ ಅಂದ್ರಲ್ರೀ ಮಾಸ್ತರು, ಹಾಲಿನ ಕ್ಯಾನ್ ಇರ್ಬೇಕು ಅಂತ ಹಿಂದಿನ ಸೀಟಲ್ಲಿ ಜಾಗ ಮಾಡಿಟ್ಟಿದ್ದೆ” ಅಂದರು.

ಮಾವ ಬರುವುದು ನಿಂತಿತು, ನಮ್ಮ ಮಾತೂ ನಿಂತಿತು. ಯಂತ್ರಗಳೇ ಮಾತಾಡಿಕೊಳ್ಳುವಾಗ ಮನುಷ್ಯರಿಗೇನು ಕೆಲಸ ಎಂದು ನಾನು ಬಂದವರ ಹತ್ತಿರವೆಲ್ಲ ಹೇಳಿಕೊಂಡೆ.

ಈ ನಡುವೆ ಒಬ್ಬಳು ಜಾತಕ ಮಾಡಿಸಲು ಬಂದಳು. ಮಂಡಗದ್ದೆಯ ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು, ತೀರ್ಥಹಳ್ಳಿಯ ಹತ್ತಿರದ ಮನೆ. ಜೊತೆಗೆ ಅವಳ ಅಪ್ಪ. ವರದಹಳ್ಳಿಯ ಆಶ್ರಮಕ್ಕೆ ಹೋಗಿ ಬರುವ ದಾರಿಯಲ್ಲಿ ಹಾಗೇ ಇದೂ ಒಂದು ಆಗಿಹೋಗಲಿ ಎಂದು ಬಂದಿದ್ದರು. ಅವಳು ಹುಟ್ಟಿದ್ದು ಬೆಳಗಿನ ಜಾವ ನಾಲ್ಕಕ್ಕೆ. ನಾನು ಸಂಜೆ ನಾಲ್ಕು ಎಂದು ಕುಟ್ಟಿದೆ. ಪ್ರಿಂಟರು ಕಿರ್ರೋ ಎಂದು ಪುಟಗಟ್ಟಲೆ ಕಿರುಚಿ ಮುಗಿಸಿದ ಮೇಲೆ ಅವಳು ಕಾಗದ ನೋಡಿ ನಕ್ಕಳು.

“ನಿಂಗಳ ಕಂಪ್ಯೂಟ್ರು ಯನ್ನ ಅರ್ಧ ದಿನ ಸಣ್ಣ ಮಾಡಿದ್ದು. ಹಿಂಗೇ ಮಾಡ್ತಾ ಹೋದ್ರೆ ತೊಟ್ಲಿಗೇ ಹಾಕ್ಲಕ್ಕು.”

ಅಷ್ಟೇ. ನನಗೆ ಅವಳನ್ನೇ ಮದುವೆಯಾಗಬೇಕು ಅನ್ನಿಸಿಬಿಟ್ಟಿತು. ನನ್ನ ಯಂತ್ರವನ್ನು ನೋಡಿ ಬೆರಗಾದವರು, ಹೆದರಿದವರು, ಕೈಮುಗಿದವರೂ ಇದ್ದರು. ನಕ್ಕವಳು ಇವಳೊಬ್ಬಳೇ. ತಪ್ಪು ತಿದ್ದಿ ಇನ್ನೊಮ್ಮೆ ಜಾತಕ ಕೊಟ್ಟು ಕಳಿಸಿದ ಮೇಲೆ ಮಧ್ಯಾಹ್ನ ಊಟ ಸೇರಲಿಲ್ಲ. ಮಜ್ಜಿಗೆಗೆ ಕೈಯಿಟ್ಟು ಸುಮ್ಮನೆ ಕೂತಿದ್ದ ನನ್ನನ್ನು ಅಮ್ಮ ಎರಡು ಸಲ ನೋಡಿದಳು.

ಆದರೆ ನಾನೇ ಹೋಗಿ ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಹಿರಿಯರೊಬ್ಬರು ಹೋಗಿ ಮಾತು ತೆಗೆಯಬೇಕು. ಹೆಣ್ಣಿನ ಮನೆಯವರು ಬನ್ನಿ ಅಂದ ಮೇಲೆಯೇ ಗಂಡು ಮೆಟ್ಟಿಲು ಹತ್ತಬೇಕು. ಅದರ ಮೇಲೆ ನನ್ನ ಕಸುಬು ಬೇರೆ ಅಡ್ಡ. ಊರಿನ ಕೂಸುಗಳ ವಿವರವನ್ನು ನಂಬಿ ಕೊಟ್ಟಿರುವಾಗ ಬಡಿಸುವವನೇ ಮೊದಲು ಎಲೆ ಹಾಕಿಕೊಂಡು ಕೂತ ಅನ್ನಿಸಿಕೊಳ್ಳಬಾರದಲ್ಲ. ಮಾವನೇ ಗತಿ. ಮಾವನಿಗಾದರೂ ಬಾಯಿಬಿಟ್ಟು ಹೇಳಬಹುದಿತ್ತು. ನಾಚಿಕೆ. ಹಾಗಾಗಿ ನನ್ನ ಶಾಸ್ತ್ರದ ಪ್ರಕಾರವೇ ನಡೆದೆ. ಡೈರಿಯಲ್ಲಿ ಅವಳ ಹೆಸರಿನ ಎದುರು NODI ಎಂದಿತ್ತು. ಈ ಸಂಬಂಧ ಕೇಳಿ ಎಂಬ ಅರ್ಥದಲ್ಲಿ ಅದರ ಪಕ್ಕ ನನ್ನ ಹೆಸರು ಕುಟ್ಟಿದೆ. ಕೆಳಗೆ ನನ್ನ ವಿವರ: ಸಾಗರ, ಬಿಎಸ್ಸಿ, ಸ್ವಂತ ಕಂಪ್ಯೂಟರ್. ಬೇರೆ ಗಂಡುಗಳಿಗೆ ಸ್ವಂತ ಮನೆ, ಸ್ವಂತ ತೋಟ ಎಂದು ಬರೆಯುವ ಜಾಗ ಅದು. ಎತ್ತರವನ್ನು ಎರಡು ಇಂಚು ಹೆಚ್ಚು ಮಾಡಿದೆ. ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿಸಿ, ವಾರವಿಡೀ ಬಸ್‌ಸ್ಟ್ಯಾಂಡಿನ ಕಡೆಗೇ ಕಿವಿ.

ಡೈರಿ ವಾಪಸು ಬಂತು. ಮಾವ ಮಗಳ ಮನೆಗೆಂದು ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋದರು, ಬರುವುದು ತಡ ಎಂದು ಕಂಡಕ್ಟರ್ ಹೇಳಿದರು. ಸ್ಟ್ಯಾಂಡಿನಲ್ಲೇ ನಿಂತು ಪಂಚೆ ಬಿಚ್ಚಿ ಗುಂಡಿ ಒತ್ತಿದೆ. ಅವಳ ಹೆಸರು ಬಂತು. ಎದುರಿಗೆ, ಮೊದಲಿದ್ದ ಶಬ್ದ ಹೋಗಿ, ATU.

ನಿಶ್ಚಯ ಆಗಿಹೋಗಿದೆ. ಬೇರೆ ಯಾರೋ. ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ ಅತ್ತೆಯನ್ನಾದರೂ ವಿಚಾರಿಸೋಣ ಎಂದು ಒಂದು ಕ್ಷಣ ಅನ್ನಿಸಿತು. ಏನೆಂದು ವಿಚಾರಿಸುವುದು? ಶಬ್ದ ಕಣ್ಣೆದುರಿಗೇ ಇದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಮಾತನ್ನು ಹೇಳಿದವರ ಕಾಲದಲ್ಲಿ ಎಲೆಕ್ಟ್ರಾನಿಕ್ ಡೈರಿ ಇರಲಿಲ್ಲವಲ್ಲ!

ಮನೆಗೆ ಬಂದು ಯಂತ್ರದ ಎದುರು ಕೂತೆ. ಅಳು ಬಂತು. ಅತ್ತುಬಿಟ್ಟೆ. ಆಮೇಲೆ, ಇದು ನನ್ನ ಜೀವನದ ಅತ್ಯಂತ ದೊಡ್ಡ ಪೆದ್ದುತನ, ನಾನು ನನ್ನ ಕರ್ತವ್ಯ ಮಾಡಿದೆ. ಸ್ವಂತ ದುಃಖಕ್ಕಾಗಿ ಶಾಸ್ತ್ರ ಮುರಿಯಬಾರದು ಎಂದು ಬೀಗಿಕೊಂಡು ಕಂಪ್ಯೂಟರಿನಿಂದ ಅವಳನ್ನು ಅಳಿಸಿದೆ. ಡೈರಿಯಿಂದಲೂ ಅಳಿಸಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡೂ ಕಡೆ ಇನ್ನೊಮ್ಮೆ ಹುಡುಕಿ ನೋಡಿದೆ. ಎಲ್ಲೂ ಇಲ್ಲ. ಅಷ್ಟು ಚೊಕ್ಕವಾಗಿ ತಾಳೆ ಹಿಂದೆಂದೂ ಆಗಿರಲಿಲ್ಲ.

ಮಾವ ಘಾಟಿ ಹತ್ತಿ ಬಂದ ಸುದ್ದಿ ತಿಳಿದ ಮೇಲೆ ಡೈರಿಯನ್ನು ಬಸ್ಸಿಗೆ ಹಾಕಿ ಕಳಿಸಿದೆ. ಮಾವ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ನನಗೆ ನೋವಾಗಬಾರದೆಂದು ಸುಮ್ಮನಿದ್ದಾರೆ, ಪಾಪ, ಎಂದುಕೊಂಡೆ. ಬೇಸಗೆಯಲ್ಲಿ ಒಂದು ಮದುವೆಮನೆಯಲ್ಲಿ ಸಿಕ್ಕಿದಾಗ ಕೂಡ ಅವರು ಎಲೆಯಡಿಕೆ ಹಾಕಿಕೊಂಡು ಆಚೆ ನೋಡುತ್ತಾ ಕೂತರು. ನಾನು ಈಚೆ ನೋಡುತ್ತಾ ಕೂತೆ. ಸೋದರಮಾವ, ಸೋದರಳಿಯ ಇಬ್ಬರೂ ಒಬ್ಬರ ಮರ್ಯಾದೆ ಇನ್ನೊಬ್ಬರು ಕಾಯುತ್ತಾ ಪಾಯಸ ಉಂಡೆವು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಅವಳ ಅಪ್ಪ ಬಂದರು. ಹಿಂದೆ ಅವಳು. ನಾನು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅಪ್ಪ ಕೂತು, ಚೀಲದಿಂದ ಒಂದು ಜಾತಕ ತೆಗೆದು ಮೇಜಿನ ಮೇಲಿಟ್ಟರು. ಶಿವಮೊಗ್ಗದ ಕಡೆಯ ಮಾಣಿಯದು.

“ಇದು ನಮ್ಮ ಕೂಸಿಗೆ ಕೂಡಿ ಬತ್ತಾ ನೋಡು ತಮಾ. ಮಾಣಿ ಮನೆಯವ್ಕೆ ಕಂಪ್ಯೂಟ್ರಲ್ಲೇ ಮಾಡ್ಸಿದ್ದು ಬೇಕಡ” ಅಂದರು. ಆಮೇಲೆ ಧ್ವನಿ ತಗ್ಗಿಸಿ, “ನಿಂಗೆ ಮನಸಿಲ್ಲೆ ಹೇಳಿ ನಿನ್ನ ಮಾವ ಬಂದು ಹೇಳಿದ. ಇರ್ಲಿ ಬಿಡು. ಋಣಾನುಬಂಧ.”

ನನಗೆ ಅರ್ಥವೇ ಆಗಲಿಲ್ಲ. “ಯಂಗೆ ಮನಸಿಲ್ಲೆಯಾ? ನಿಂಗಳ ಮನೇಲಿ ಬೇರೆ ಕಡೆ ನಿಶ್ಚಯ ಆಗಿತ್ತಲ್ದಾ?” ಎಂದೆ.

“ಯಾರು ಹೇಳಿದ್ದು? ಆನು ಎಂತಕ್ಕೆ ಬೇಡ ಹೇಳ್ಲಿ? ಆತು, ಒಂದಿನ ಬಂದು ಕೂಸಿನ್ನ ನೋಡ್ಕಂಡು ಹೋಗ್ಲಿ ಹೇಳಿ ಆನೇ ನಿನ್ನ ಮಾವನ ಹತ್ರ ಹೇಳಿ ಕಳ್ಸಿದ್ದಿ.”

ಆತು, ಒಂದಿನ ಬರಲಿ. ಅಷ್ಟು ಉದ್ದದ ಮಾತು ಡೈರಿಯಲ್ಲಿ ಹಿಡಿಯುವುದಿಲ್ಲ. ಪುರಾಣ ಬರೆಯಬೇಡಿ, ಒಂದೇ ಶಬ್ದ ಸಾಕು ಎಂದು ಮಾವನಿಗೆ ನಾನೇ ಹೇಳಿದ್ದೆ. ಮಾವ ಇಡೀ ಮಾತಿನಲ್ಲಿ ಮುಖ್ಯವಾದ ಶಬ್ದವನ್ನೇ ಆರಿಸಿ, ನಿಷ್ಠೆಯಿಂದ ಕುಟ್ಟಿ, ಬಸ್ಸಿಗೆ ಕೊಟ್ಟು ಘಾಟಿ ಇಳಿದಿದ್ದರು. ವಾಪಸು ಬಂದು ನೋಡಿದರೆ ಡೈರಿಯಲ್ಲಿ ಕೂಸೇ ಇಲ್ಲ. ಕಂಡವರು ಏನೆಂದುಕೊಳ್ಳಬೇಕು? ಅಳಿಯನಿಗೆ ಮನಸ್ಸಿಲ್ಲ. ತೀರ್ಥಹಳ್ಳಿಗೆ ಹೋಗಿ, ತಾವೇ ತೆಗೆದ ಮಾತನ್ನು ತಲೆತಗ್ಗಿಸಿ ವಾಪಸು ತೆಗೆದುಕೊಂಡು ಬಂದಿದ್ದರು. ನನ್ನ ಸಂಕಟ ಒಂದು ಕಡೆ ಇರಲಿ, ಆ ದಿನ ಮಾವನ ಮುಖ ಹೇಗಿದ್ದಿರಬೇಕು ಎಂದು ಈಗಲೂ ಯೋಚಿಸುತ್ತೇನೆ.

ಅವಳ ಅಪ್ಪನಿಗೆ ವಿವರಿಸಲು ಹೊರಟೆ. ಡೈರಿ, ಕಂಪ್ಯೂಟರು, ಮೂರು ಶಬ್ದ, ತಾಳೆಯ ಶಾಸ್ತ್ರ. ಆತು ಅಂದರೆ ಅಳಿಸು ಎಂಬಲ್ಲಿಗೆ ಬರುವಾಗ ಅವರ ಹುಬ್ಬು ಮೇಲೇರಿತು.

“ಅಲ್ದಾ ತಮಾ, ಆತು ಹೇಳಿರೆ ಅಳ್ಸದು ಹೇಳಿ ಯಾವ ದೇಶದಲ್ಲಿ ಇದ್ದು?”

“ಅದು ಮಿಷನ್ನಿಗೆ ಅರ್ಥ ಆಗ್ಲಿ ಹೇಳಿ…”

“ಅಳ್ಸಿದ್ದು ಮಿಷನ್ನಾ, ನೀನಾ?”

“ಆನೇ ಅಳ್ಸಿದ್ದು” ಎಂದೆ.

ಅವರು ಕೆಟ್ಟ ಮನುಷ್ಯರಲ್ಲ, ಅವರಿಗೂ ಬೇಸರವಾಗಿತ್ತು. ಶಲ್ಯದಿಂದ ಮುಖ ಒರೆಸಿಕೊಂಡು ಹೇಳಿದರು: “ಶಿವಮೊಗ್ಗದವು ಬಂದು ನೋಡ್ಕಂಡು ಹೋದ. ಜಾತಕ ಕೂಡಿರೆ ಮದುವೆ ಹೇಳಿ ಮಾತು ಕೊಟ್ಟಾತು. ಈಗೆಂತ ಮಾಡಲೆ ಬತ್ತಿಲ್ಲೆ.”

ನಾನು ಅವಳ ಕಡೆ ನೋಡಿದೆ. ಅವಳು ಈ ಸಲ ನಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದವಳು ನನ್ನನ್ನೇ ನೋಡುತ್ತಾ, ಪಾಠ ಹೇಳುವವರ ಸ್ಪಷ್ಟ ದನಿಯಲ್ಲಿ ಹೇಳಿದಳು.

“ಆತು ಹೇಳಿದ್ದು ಅಪ್ಪಯ್ಯ ಅಲ್ಲ. ಅಪ್ಪಯ್ಯ ಒಳಗೆ ಬಂದು ಕೇಳಿದ. ಹೇಳಿದ್ದು ಆನು.”

ನಾನು ತಿರುಗಿ ಕೂತು ಶಿವಮೊಗ್ಗದ ಮಾಣಿಯ ಜನ್ಮ ಸಮಯ ಕುಟ್ಟಿದೆ. ಅವಳ ಜಾತಕ ನನ್ನಲ್ಲಿ ಇರಲಿಲ್ಲವಾದ್ದರಿಂದ ಅವಳದನ್ನೂ ಕೇಳಿ ಹೊಸದಾಗಿ ಕುಟ್ಟಿದೆ. ಯಾವ ಅಕ್ಷರವನ್ನೂ ತಪ್ಪಲಿಲ್ಲ. ಬೇಕೆಂದೇ ಒಂದು ಅಂಕಿ ತಪ್ಪಿಸಿದರೆ ಏನಾಗುತ್ತದೆ ಎಂದು ಬೆರಳಿಗೆ ಆಸೆಯಾಯಿತು. ಅವಳು ಹಿಂದೆಯೇ ನಿಂತು ಪರದೆ ನೋಡುತ್ತಿದ್ದಳು. ಕರೆಂಟಾದರೂ ಹೋಗಬಾರದೇ? ಆ ದಿನ ಅದೂ ಹೋಗಲಿಲ್ಲ. ಪ್ರಿಂಟರು ನಿಧಾನವಾಗಿ ಕಾಗದ ಹೊರಗೆ ತಳ್ಳಿತು.

ಅಪ್ಪನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. “ಓದಿ ಹೇಳು ತಮಾ” ಅಂದರು. ಒಂದೊಂದೇ ಸಾಲು ಓದಿದೆ. ಗಣ ಕೂಡುತ್ತದೆ. ರಾಶಿ ಕೂಡುತ್ತದೆ. ನಾಡಿದೋಷ ಇಲ್ಲ. ಒಂದಕ್ಕಾದರೂ ಅಡ್ಡಿ ಇದ್ದೀತೆಂದು ಕೊನೆಯ ಸಾಲಿನವರೆಗೂ ಹುಡುಕಿದೆ.

“ಹಂಗಾರೆ ಮದುವೆ ಮಾಡ್ಲಕ್ಕಾ?” ಎಂದು ಅಪ್ಪ ಕೇಳಿದರು.

“ಮಾಡ್ಲಕ್ಕು” ಎಂದು ನನ್ನ ಬಾಯಾರೆ ಹೇಳಿ ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟೆ.